ಹೊಲಿಗೆಯ ಗುರುತು

ರಾಯದುರ್ಗ
11 ಆಗಸ್ಟ್ 2024

ಓಬುಲೇಶ್ ಅವರಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ಮಡಕಶಿರಾದಿಂದ ನೀವು ತರುವ ‘ಗಡಿಬಯಲು’ ಪತ್ರಿಕೆ ಹದಿನೈದು ದಿನಕ್ಕೊಮ್ಮೆ ನಮ್ಮ ಚಿಕ್ಕಮ್ಮ ಪದ್ಮಾವತಮ್ಮನ ಬ್ಲೌಸ್ ಅಂಗಡಿಗೆ ಬರುತ್ತದೆ. ಕಳೆದ ಸಂಚಿಕೆಯಲ್ಲಿ ರತ್ನಗಿರಿಯ ಅಂಜಿಯ ಸುದ್ದಿ ಓದಿದೆ. ರಾಯದುರ್ಗಕ್ಕೆ ಕೆಲಸಕ್ಕೆ ಬಂದವನು ಜುಲೈ ಒಂಬತ್ತರಂದು ಬೈಕಿನಿಂದ ಬಿದ್ದು ಸತ್ತ, ಅವನ ತಾಯಿ ಕದರಮ್ಮ ಮಾತ್ರ ಅದನ್ನು ನಂಬುತ್ತಿಲ್ಲ ಎಂದು ಬರೆದಿದ್ದೀರಿ. ಆಕೆ ನಂಬದಿರುವುದೇ ಸರಿ. ಅಂಜಿ ರಸ್ತೆಯಲ್ಲಿ ಸಾಯಲಿಲ್ಲ.

ಅವನು ಕೆಲಸಕ್ಕೆ ಬರುತ್ತಿದ್ದ ಜೀನ್ಸ್ ಯೂನಿಟ್ಟಿನಲ್ಲೇ ನಾನು ಲೈನ್ ರೈಟರ್. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾವ ಕೆಲಸಕ್ಕೆ ಹೋದರು, ಯಾವಾಗ ಹೊರಗೆ ಹೋದರು ಎಂದು ರಫ್ ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ದಿನ ಅಂಜಿ ಬಂದದ್ದು ಎಂಟು ನಲವತ್ತಕ್ಕೆ. ಹನ್ನೊಂದಕ್ಕೆ ಅವನನ್ನು ತೊಳೆಯಲೆಂದು ಸಂಪಿನೊಳಗೆ ಇಳಿಸಿದರು. ಜೀನ್ಸ್ ತೊಳೆದ ಬಣ್ಣ, ಕೆಮಿಕಲ್ಲು ಎಲ್ಲ ಹೋಗಿ ನಿಲ್ಲುವ ಗುಂಡಿ ಅದು. ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಬಿಟ್ಟು ಅವನಿಗೆ ಬೇರೇನೂ ಕೊಡಲಿಲ್ಲ. ಹೊರಗೆ ಹೋದ ಸಮಯವನ್ನು ನಾನು ಬರೆಯಲಿಲ್ಲ, ಏಕೆಂದರೆ ಅವನಾಗಿಯೇ ಹೊರಗೆ ಬರಲಿಲ್ಲ. ಸಂಜೆ ಮ್ಯಾನೇಜರ್ ನನ್ನ ಟೇಬಲ್ಲಿಗೆ ಬಂದು, “ಅಂಜಿ ಇವತ್ತು ಬಂದಿಲ್ಲಮ್ಮ, ಆಬ್ಸೆಂಟ್ ಹಾಕು” ಎಂದರು. ನಾನು ಹಾಕಿದೆ. ಇದನ್ನು ನಿಮಗೆ ಹೇಳಲೇಬೇಕು, ಆಬ್ಸೆಂಟ್ ಹಾಕಿದವಳು ನಾನೇ.

ರಫ್ ಪುಸ್ತಕ ಹರಿದುಹಾಕಲು ಹೇಳಿದ್ದರು. ಹಳೆಯ ಪುಸ್ತಕವೊಂದನ್ನು ಹರಿದು ತೋರಿಸಿ ನಂಬಿಸಿದೆ, ಇದನ್ನು ಹರಿಯಲಿಲ್ಲ. ಈ ಪಾರ್ಸೆಲಿನಲ್ಲಿ ಇಟ್ಟಿದ್ದೇನೆ. ವಾಷಿಂಗಿನಲ್ಲಿದ್ದ ನಾಲ್ವರನ್ನು ಅವರವರ ಊರಿಗೆ ಕಳಿಸಿಬಿಟ್ಟಿದ್ದಾರೆ, ಬಾಯಿ ಬಿಡುವವರು ಯಾರೂ ಇಲ್ಲ. ಇದೊಂದೇ ಉಳಿದಿದೆ.

ದಯವಿಟ್ಟು ಫೋನ್ ಮಾಡಬೇಡಿ. ಫೋನಿನಲ್ಲಿ ಆಡಿದ್ದು ಎಲ್ಲೆಲ್ಲೋ ಉಳಿಯುತ್ತದಂತೆ. ಬರೆಯುವುದಿದ್ದರೆ ಚಿಕ್ಕಮ್ಮನ ಅಂಗಡಿಯ ವಿಳಾಸಕ್ಕೆ ಬರೆಯಿರಿ. ನನ್ನ ಗಂಡ ತೀರಿಹೋಗಿ ಆರು ವರ್ಷ. ಮಗಳು ಸೌಜನ್ಯ ಈ ವರ್ಷ ಹತ್ತನೇ ಕ್ಲಾಸು. ನಮ್ಮೂರಿನಲ್ಲಿ ಒಂದು ಯೂನಿಟ್ಟಿನವರು ಬೇಡವೆಂದರೆ ಉಳಿದವರೂ ಬೇಡವೆನ್ನುತ್ತಾರೆ. ನನ್ನ ಹೆಸರು ಎಲ್ಲೂ ಬರಬಾರದು. ಈ ಕಾಗದದಲ್ಲೂ ಹೆಸರು ಬರೆಯದೆ ಇರೋಣವೆಂದಿದ್ದೆ, ಆದರೆ ಹೆಸರಿಲ್ಲದ ಕಾಗದವನ್ನು ನೀವಾದರೂ ಯಾಕೆ ನಂಬುತ್ತೀರಿ?

ಪ್ರಸನ್ನಲಕ್ಷ್ಮಿ


ಮಡಕಶಿರಾ
18 ಆಗಸ್ಟ್ 2024

ಪ್ರಸನ್ನಲಕ್ಷ್ಮಿಯವರಿಗೆ,

ನಿಮ್ಮ ಪಾರ್ಸೆಲ್ ಬಿಚ್ಚಿದ ಮೇಲೆ ಅರ್ಧ ದಿನ ನನಗೆ ಬೇರೆ ಕೆಲಸವೇ ಸಾಗಲಿಲ್ಲ. ಹದಿನೇಳು ವರ್ಷದಿಂದ ಪತ್ರಿಕೆ ನಡೆಸುತ್ತಿದ್ದೇನೆ. ಟ್ರಾನ್ಸ್‌ಫಾರ್ಮರ್ ಸುಟ್ಟದ್ದು, ರೇಷ್ಮೆಗೂಡಿನ ದರ ಬಿದ್ದದ್ದು, ಅಗಳಿಗೆ ಬಸ್ಸು ನಿಲ್ಲಿಸಿದ್ದು, ಇಷ್ಟೇ ನನ್ನ ಸುದ್ದಿ. ಇಂಥದ್ದು ಕೈಗೆ ಬಂದಿರಲಿಲ್ಲ.

ರತ್ನಗಿರಿಗೆ ಹೋಗಿ ಕದರಮ್ಮನನ್ನು ಕಂಡೆ. ಸಾಕ್ಷಿ ಇದೆ ಎಂದಷ್ಟೇ ಹೇಳಿದೆ, ಯಾರದೆಂದು ಹೇಳಲಿಲ್ಲ. ಆಕೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು, ಕೈ ನಿಲ್ಲಿಸದೆ ಹೇಳಿದಳು. “ಮೈ ತೊಳೀವಾಗ ನೀಲಿ ನೀರು ಬಂತು ಕಣಪ್ಪ. ರಸ್ತೇಲಿ ಬಿದ್ದೋನ ಮೂಗ್ನಾಗೆ ನೀಲಿ ಎಲ್ಲಿಂದ ಬತ್ತದೆ? ಕೇಳಿದ್ರೆ ಯಾರೂ ಯೋಳಕಿಲ್ಲ.”

ನಿಮ್ಮ ಹೆಸರಿನ ಬಗ್ಗೆ ನಿಶ್ಚಿಂತರಾಗಿರಿ. ಪತ್ರಕರ್ತನನ್ನು ಯಾರೂ ಸುದ್ದಿ ಕೊಟ್ಟವರು ಯಾರೆಂದು ಬಲವಂತವಾಗಿ ಕೇಳುವಂತಿಲ್ಲ, ಕಾನೂನು ನಮ್ಮ ಬೆನ್ನಿಗಿದೆ. ಕಾನೂನು ಇಲ್ಲದಿದ್ದರೂ ನನ್ನ ಬಾಯಿ ನನ್ನದೇ ತಾನೆ? ಪುಸ್ತಕದ ಫೋಟೋ ಹಾಕುತ್ತೇನೆ, ಇಲ್ಲದಿದ್ದರೆ ಕಟ್ಟುಕಥೆ ಎನ್ನುತ್ತಾರೆ. ಆದರೆ ಅಂಜಿಯ ಸಾಲಿನ ಅಂಕಿಗಳನ್ನು ಬಿಟ್ಟು ಎಲ್ಲ ಅಕ್ಷರವನ್ನೂ ಮುಚ್ಚುತ್ತೇನೆ. ನಿಮ್ಮ ಕೈಬರಹ ನಿಮ್ಮ ಮಗಳಿಗೂ ಗುರುತು ಸಿಗಬಾರದು, ಹಾಗೆ.

ಓಬುಲೇಶ್


ರಾಯದುರ್ಗ
3 ಸೆಪ್ಟೆಂಬರ್ 2024

ಓಬುಲೇಶ್ ಅವರಿಗೆ,

ಪತ್ರಿಕೆ ಬಂತು. ಅಕ್ಷರ ಒಂದೂ ಕಾಣದಂತೆ ಮುಚ್ಚಿದ್ದೀರಿ. ಹೊಲಿಗೆಯನ್ನು ಮಾತ್ರ ಕಾಣುವಂತೆ ಬಿಟ್ಟಿದ್ದೀರಿ.

ನಿಮಗೆ ತಿಳಿಯದೆ ಹೋಯಿತು, ತಿಳಿಸಬೇಕೆಂದು ನನಗೂ ಹೊಳೆಯಲಿಲ್ಲ. ನಮ್ಮ ಯೂನಿಟ್ಟಿನ ಕಟಿಂಗ್ ಮಾಸ್ಟರ್ ಜಯಣ್ಣ ಎಂದು, ಅರವತ್ತು ದಾಟಿದವರು. ಬಟ್ಟೆಯ ಮೇಲೆ ಹಾಸಿ ಅಳತೆ ಬರೆಯುವ ದೊಡ್ಡ ಕಾಗದ ಇರುತ್ತದಲ್ಲ, ಅದರ ಉಳಿದ ಚೂರುಗಳನ್ನು ಅವರು ಎಸೆಯುವುದಿಲ್ಲ. ಮಡಚಿ, ನಡುವೆ ಜೀನ್ಸಿನ ಕಿತ್ತಳೆ ದಾರದಿಂದ ಮಿಷನ್ ಹೊಡೆದು ಪುಸ್ತಕ ಮಾಡುತ್ತಾರೆ. ಕೊನೆಯಲ್ಲಿ ದಾರ ಕತ್ತರಿಸುವ ಮೊದಲು ಮೂರು ಹೊಲಿಗೆ ಹಿಂದಕ್ಕೆ, ಒಂದರ ಪಕ್ಕ ಒಂದು, ಓರೆಯಾಗಿ ಹಾಕುತ್ತಾರೆ. ರಾಯದುರ್ಗದಲ್ಲಿ ಬೇರೆ ಯಾರೂ ಹಾಗೆ ಮುಗಿಸುವುದಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ನನಗೆ ಕಲಿಸಿದ್ದರು. ನಿಮಗೆ ಕಳಿಸಿದ ಪುಸ್ತಕ ನಾನೇ ಹೊಲಿದದ್ದು, ಆದರೆ ಅದು ಯಾರಿಗೂ ಗೊತ್ತಿಲ್ಲ. ನೋಡಿದವರೆಲ್ಲ ಜಯಣ್ಣನ ಕೈ ಎನ್ನುತ್ತಾರೆ.

ಇದು ಹೊಲಿಯುವವರ ಊರು. ಸಹಿ ಹಾಕಲು ಬರದ ಹೆಂಗಸರಿಗೂ ಇಲ್ಲಿ ಪ್ಯಾಂಟಿನ ಒಳಮೈ ತಿರುವಿ ಯಾರು ಹೊಲಿದರೆಂದು ಹೇಳಲು ಬರುತ್ತದೆ. ನಿನ್ನೆ ಮಧ್ಯಾಹ್ನ ಮಾಲೀಕರು ಪತ್ರಿಕೆಯನ್ನು ಕಟಿಂಗ್ ಟೇಬಲ್ಲಿನ ಮೇಲೆ ಹರಡಿ, “ಏನ್ ಜಯಣ್ಣ, ಇದು ಯಾರ ಕೈ ಹೇಳ್ರಿ” ಎಂದರು. ಜಯಣ್ಣ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದರು. ಕತ್ತರಿ ಎತ್ತಿಕೊಂಡು ಕೆಲಸಕ್ಕೆ ನಿಂತರು.

ಏನು ಮಾಡಬೇಕೆಂದು ಬರೆಯಿರಿ.

ಪ್ರಸನ್ನಲಕ್ಷ್ಮಿ


ಮಡಕಶಿರಾ
9 ಸೆಪ್ಟೆಂಬರ್ 2024

ಪ್ರಸನ್ನಲಕ್ಷ್ಮಿಯವರಿಗೆ,

ಹೆದರಬೇಡಿ. ನಿಮ್ಮ ಕಾಗದ ಓದಿ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ನಗುವೂ ಬಂತು. ದಾರದ ತುದಿ ನೋಡಿ ಆಳನ್ನು ಹಿಡಿಯುತ್ತಾರೆಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಭಯದಲ್ಲಿರುವವರಿಗೆ ಎಲ್ಲರ ನೋಟವೂ ತಮ್ಮ ಮೇಲೆಯೇ ಬಿದ್ದಂತೆ ಅನಿಸುತ್ತದೆ, ನಿಮಗೂ ಹಾಗೇ ಆಗಿದೆ. ಹೊಲಿಗೆಯನ್ನು ಯಾವ ಕೋರ್ಟು ಸಾಕ್ಷಿ ಎಂದು ಒಪ್ಪುತ್ತದೆ?

ಇಲ್ಲಿ ನಡೆದದ್ದು ಕೇಳಿ. ಸಂಚಿಕೆ ಮೂರೇ ದಿನಕ್ಕೆ ಮುಗಿಯಿತು, ಎರಡನೇ ಸಲ ಅಚ್ಚು ಹಾಕಿಸಿದೆ. ಅಗಳಿಯ ಆಟೋ ಸ್ಟ್ಯಾಂಡಿನಲ್ಲಿ ಜನ ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ವಕೀಲ ಸಿದ್ದಬಸಪ್ಪನವರು ಕದರಮ್ಮನ ಕೈಯಲ್ಲಿ ಅರ್ಜಿ ಹಾಕಿಸಿದ್ದಾರೆ. ಸಾವಿನ ಕೇಸನ್ನು ಮತ್ತೆ ತೆರೆಯಬೇಕೆಂದು ಕೇಳಿದ್ದೇವೆ. ರಾಯದುರ್ಗದ ಕೋರ್ಟಿನಲ್ಲೇ ವಿಚಾರಣೆ. ಗೆಲ್ಲುತ್ತೇವೆ ಎಂದು ನನಗೆ ಅನಿಸುತ್ತಿದೆ.

ನೀವು ಎಂದಿನಂತೆ ಕೆಲಸಕ್ಕೆ ಹೋಗಿ, ಎಂದಿನಂತೆ ಬನ್ನಿ. ಜಯಣ್ಣನವರಿಗೆ ಏನೂ ಆಗುವುದಿಲ್ಲ, ಅವರು ಏನೂ ಮಾಡಿಲ್ಲವಲ್ಲ.

ಓಬುಲೇಶ್


ರಾಯದುರ್ಗ
16 ಸೆಪ್ಟೆಂಬರ್ 2024

ಓಬುಲೇಶ್ ಅವರಿಗೆ,

ಏನೂ ಮಾಡದ ಜಯಣ್ಣನನ್ನು ಎರಡು ದಿನ ಗೋಡೌನಿನಲ್ಲಿ ಕೂರಿಸಿಕೊಂಡಿದ್ದರು. ಮಾಲೀಕರ ಕಡೆಯವರು ಬಲಗೈ ಮಣಿಕಟ್ಟು ತಿರುವಿದ್ದಾರೆ, ಊದಿಕೊಂಡಿದೆ. ಆಮೇಲೆ ಕಂಪನಿಯ ಪುಸ್ತಕ ಕದ್ದನೆಂದು ಕಳ್ಳತನದ ಕಂಪ್ಲೇಂಟು ಕೊಟ್ಟು, ಕೆಲಸದಿಂದ ತೆಗೆದರು. ಉಳಿದ ಯೂನಿಟ್ಟಿನವರಿಗೂ ಹೇಳಿಕಳಿಸಿದ್ದಾರೆ. ಊರಿನ ಅರ್ಧ ಟೈಲರ್‌ಗಳಿಗೆ ಕತ್ತರಿ ಹಿಡಿಯಲು ಕಲಿಸಿದವರಿಗೆ ಈಗ ಪರ್ದೆ ಹೊಲಿಯುವ ಅಂಗಡಿಯವನೂ ಕೆಲಸ ಕೊಡುತ್ತಿಲ್ಲ.

ಅವರ ಹೆಂಡತಿ ಸುಂಕಮ್ಮ ನನ್ನನ್ನು ಹುಡುಕಿಕೊಂಡು ಚಿಕ್ಕಮ್ಮನ ಅಂಗಡಿಗೇ ಬಂದಳು. “ಯವ್ವಾ, ನೀ ಅವರ ಟೇಬಲ್ ಹತ್ರನ ಕುಂದರ್ತಿದ್ದಿ. ಅವರಲ್ಲ ಅಂತ ಒಂದು ಮಾತು ಹೇಳಬಾರದ? ನಿನ್ನ ಮಾತು ಸಾಹುಕಾರ್ರು ಕೇಳ್ತಾರ” ಎಂದಳು. ಆಕೆಗೆ ಏನೂ ಗೊತ್ತಿಲ್ಲ. ನಾನು ತಲೆ ತಗ್ಗಿಸಿ ಬ್ಲೌಸಿಗೆ ಹುಕ್ಕು ಹಾಕುತ್ತ ಕೂತೆ. ಆಕೆ ಕಾದು ಕಾದು ಎದ್ದು ಹೋದಳು.

ಎದ್ದು ನಿಂತು ನಾನು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ. ಮಗಳ ಮುಖ ಎದುರಿಗೆ ಬರುತ್ತದೆ. ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ನನ್ನ ಹೆಸರು ಹೇಳಬೇಡಿ. ಜಯಣ್ಣ ಅಲ್ಲ ಎಂದಷ್ಟೇ ಪತ್ರಿಕೆಯಲ್ಲಿ ಎರಡು ಸಾಲು ಹಾಕಿ. ‘ಪುಸ್ತಕ ಕೊಟ್ಟವರು ಅವರಲ್ಲ’ ಎಂದರೆ ಸಾಕು. ನಿಮಗೇನು ಕಷ್ಟ?

ಪ್ರಸನ್ನಲಕ್ಷ್ಮಿ


ಮಡಕಶಿರಾ
26 ಸೆಪ್ಟೆಂಬರ್ 2024

ಪ್ರಸನ್ನಲಕ್ಷ್ಮಿಯವರಿಗೆ,

ನಾನು ನಕ್ಕದ್ದು ತಪ್ಪು. ಕ್ಷಮಿಸಿ ಎಂದು ಬರೆದರೆ ಸಾಲದು, ಆದರೂ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದ ಮಾರನೆಯ ದಿನವೇ ನನಗೂ ಕೋರ್ಟಿನಿಂದ ನೋಟಿಸು ಬಂತು. ಪತ್ರಿಕೆಯಲ್ಲಿ ತೋರಿಸಿದ ಪುಸ್ತಕವನ್ನು ಹಾಜರುಪಡಿಸಬೇಕು, ಕೊಟ್ಟವರು ಯಾರೆಂದು ಹೇಳಬೇಕು, ಫೋನ್ ಒಪ್ಪಿಸಬೇಕು. ಸಿದ್ದಬಸಪ್ಪನವರ ಮುಂದೆ ಎದೆ ಉಬ್ಬಿಸಿಕೊಂಡು, ಕಾನೂನು ನಮ್ಮ ಕಡೆಗಿದೆಯಲ್ಲ ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಯಾವ ಕಾನೂನಪ್ಪ? ಪ್ರೆಸ್ ಕೌನ್ಸಿಲ್ ಮುಂದೆ ನಿಂತಾಗ ಮಾತ್ರ ನಿಂಗೆ ಹೇಳ್ದೆ ಇರೋ ಹಕ್ಕೈತೆ. ಪೊಲೀಸ್ನೋರು ಕೇಳ್ದಾಗ, ಜಡ್ಜು ಕೇಳ್ದಾಗ ನಿನ್ನ ಕಾಯಕ್ಕೆ ಅಂತ ಒಂದು ಕಾನೂನು ಈ ದೇಶದಾಗೆ ಮಾಡಿಲ್ಲ. ಜಡ್ಜು ಮನಸ್ಸು ಮಾಡಿದ್ರೆ ಬಿಟ್ಟಾರು, ಅಷ್ಟೆ” ಎಂದರು. ಹದಿನೇಳು ವರ್ಷ ಇದ್ದೇ ಇದೆ ಎಂದುಕೊಂಡಿದ್ದದ್ದು ಇಲ್ಲವೇ ಇಲ್ಲ. ಅದನ್ನೇ ನಂಬಿಕೊಂಡು ನಿಮಗೆ ಭರವಸೆ ಕೊಟ್ಟಿದ್ದೆ.

ನಾನು ಹೇಳುವುದಿಲ್ಲ, ಅದು ಬೇರೆ ಮಾತು. ಆದರೆ ನೀವು ಕೇಳಿದ ಎರಡು ಸಾಲನ್ನೂ ನಾನು ಹಾಕಲಾರೆ. ಸಿಟ್ಟು ಮಾಡಿಕೊಳ್ಳದೆ ಓದಿ. ಆ ಪುಸ್ತಕದ ಹತ್ತಿರ ಓಡಾಡುತ್ತಿದ್ದವರು ನಿಮ್ಮಲ್ಲಿ ಎಷ್ಟು ಜನ? ಹತ್ತೋ ಹನ್ನೆರಡೋ. ಜಯಣ್ಣ ಅಲ್ಲ ಎಂದು ನಾನು ಬರೆದ ಮರುದಿನ ಅವರು ಇನ್ನೊಬ್ಬರನ್ನು ಹಿಡಿದು, ಇವನಾ ಎಂದು ಕೇಳುತ್ತಾರೆ. ಅವನೂ ಅಲ್ಲ ಎನ್ನಬೇಕು. ಹಾಗೆ ಒಬ್ಬೊಬ್ಬರನ್ನೇ ಬಿಡಿಸುತ್ತ ಹೋದರೆ ಕೊನೆಗೆ ಉಳಿಯುವುದು ನೀವು. ಒಬ್ಬರ ಬಗ್ಗೆ ಉತ್ತರ ಕೊಟ್ಟೆನೆಂದರೆ ಎಲ್ಲರ ಬಗ್ಗೆಯೂ ಕೊಟ್ಟಂತೆ. ಮಾತು ಕೊಟ್ಟದ್ದು ನಿಮಗೆ, ಜಯಣ್ಣನವರಿಗಲ್ಲ. ಇದನ್ನು ಬರೆಯುವಾಗ ನನಗೇ ಅಸಹ್ಯವಾಗುತ್ತಿದೆ.

ಪುಸ್ತಕದ ಬಗ್ಗೆ ಚಿಂತೆ ಬೇಡ. ಕೋರ್ಟಿಗೆ ಕೊಡಲೇಬೇಕಾಯಿತು, ಆದರೆ ಕೊಡುವ ಮೊದಲು ಮಾಡಬೇಕಾದ್ದನ್ನು ಮಾಡಿದ್ದೇನೆ. ಅದರಿಂದ ನಿಮಗೆ ಯಾವ ತೊಂದರೆಯೂ ಬಾರದು.

ಓಬುಲೇಶ್


ರಾಯದುರ್ಗ
4 ಅಕ್ಟೋಬರ್ 2024

ಓಬುಲೇಶ್ ಅವರಿಗೆ,

ನಿಮ್ಮ ಲೆಕ್ಕಾಚಾರ ಅರ್ಥವಾಯಿತು. ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬರುತ್ತಿದೆ.

ಇವತ್ತು ಬೆಳಿಗ್ಗೆ ಯೂನಿಟ್ಟಿಗೆ ಬರುವಾಗ ಜಯಣ್ಣ ದಾರಿಯಲ್ಲಿ ಸಿಕ್ಕರು. ಬಲಗೈಯನ್ನು ಟವಲ್ಲಿನಲ್ಲಿ ಸುತ್ತಿಕೊಂಡಿದ್ದರು. ಮಾತಾಡಿಸಬೇಕೆಂದು ನಾನು ಅವರ ಕಡೆ ತಿರುಗಿ ನಿಂತೆ. ನನ್ನನ್ನು ಕಂಡೂ ಕಾಣದಂತೆ ಅವರು ರಸ್ತೆ ದಾಟಿ ಆಚೆ ಬದಿಗೆ ಹೋದರು. ನನ್ನ ಜೊತೆ ನಿಂತದ್ದನ್ನು ಯಾರಾದರೂ ನೋಡಿದರೆ ನನಗೆ ಕಷ್ಟವೆಂದು ಅವರೇ ದೂರ ಹೋದರು. ನಿಮಗೊಬ್ಬರಿಗೆ ಗೊತ್ತು, ಅವರಿಗೊಬ್ಬರಿಗೆ ಗೊತ್ತು. ಇಬ್ಬರೂ ನನಗಾಗಿ ಬಾಯಿ ಮುಚ್ಚಿಕೊಂಡಿದ್ದೀರಿ. ನಾನು ಹೊತ್ತುಹೊತ್ತಿಗೆ ಉಂಡು, ತಲೆ ಬಾಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ.

ಇನ್ನು ನನಗೆ ಬರೆಯಬೇಡಿ.


ಮಡಕಶಿರಾ
10 ನವೆಂಬರ್ 2024

ಪ್ರಸನ್ನಲಕ್ಷ್ಮಿಯವರಿಗೆ,

ಬೇಡವೆಂದರೂ ಬರೆಯುತ್ತಿದ್ದೇನೆ. ಓದದಿದ್ದರೂ ಪರವಾಗಿಲ್ಲ.

ಕೋರ್ಟಿನಲ್ಲಿ ಎರಡು ಸಲ ಕೇಳಿದರು, ಎರಡು ಸಲವೂ ಹೇಳಲಾರೆ ಎಂದೆ. ಇಷ್ಟು ದಿನ ಜಂಬದಲ್ಲಿದ್ದೆ. ಈಗ ಆ ಮಾತು ಬಾಯಿಂದ ಬರುವಾಗ ಕದರಮ್ಮ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ, ಅದೇ ಕಷ್ಟ. ಹೋದ ವಾರ ಆಕೆ ನಮ್ಮ ಮನೆಗೇ ಬಂದಳು. ನನ್ನ ಹೆಂಡತಿ ಸೌಮ್ಯ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು, ಅವಳ ಜೊತೆ ತಾನೂ ಸೊಪ್ಪು ಹರಡುತ್ತ ನಿಂತು ಕೇಳಿದಳು. “ಆ ಪುಸ್ತಕ ಬರ್ದೋರು ಬಂದು ಒಂದ್ ಮಾತು ಯೋಳಿದ್ರೆ ನನ್ ಮಗಂದು ನಿಜ ಆಗ್ತದಂತೆ. ಲಾಯರಪ್ಪ ಅಂದ್ರು. ಯಾರಪ್ಪ ಅವ್ರು? ನಾನೇ ಹೋಗಿ ಕಾಲ್ ಹಿಡ್ಕಂತೀನಿ.”

ಹೇಳಲಾರೆ ಕದರಮ್ಮ ಎಂದೆ. “ಯಾಕೆ, ನಿಂಗೇನಾರ ಆಣೆ ಐತಾ?” ಎಂದಳು. ಹೌದು ಎಂದೆ. ಆಕೆ ಸೊಪ್ಪಿನ ಬುಟ್ಟಿ ಖಾಲಿ ಮಾಡಿ ಹೊರಟಳು. ಸೌಮ್ಯ ಆವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ನಿಮ್ಮನ್ನು ಒತ್ತಾಯ ಮಾಡಲು ಇದನ್ನು ಬರೆದದ್ದಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ಓಬುಲೇಶ್


ಮಡಕಶಿರಾ
20 ಡಿಸೆಂಬರ್ 2024

ಪ್ರಸನ್ನಲಕ್ಷ್ಮಿಯವರಿಗೆ,

ನಿನ್ನೆ ಕೋರ್ಟಿನಲ್ಲಿ ನಡೆದದ್ದು ನಿಮಗಾಗಲೇ ಗೊತ್ತಾಗಿರಬಹುದು. ನಿಮ್ಮ ಜಯಣ್ಣ ಬರೆದುಕೊಟ್ಟ ಕಾಗದವನ್ನು ಮಾಲೀಕರ ವಕೀಲರು ಓದಿದರು. ‘ಆ ಪುಸ್ತಕ ನಾನೇ ಮಾಡಿದ್ದು. ಮ್ಯಾನೇಜರ್ ಮೇಲಿನ ಸಿಟ್ಟಿಗೆ ಸುಳ್ಳು ಸಮಯ ಬರೆದು ಪತ್ರಿಕೆಗೆ ಕೊಟ್ಟೆ. ಅಂಜಿ ಆ ದಿನ ಕೆಲಸಕ್ಕೆ ಬಂದಿರಲಿಲ್ಲ’ ಎಂದು. ಕೆಳಗೆ ಸಹಿ. ಅದರ ಬದಲಿಗೆ ಕಳ್ಳತನದ ಕಂಪ್ಲೇಂಟು ವಾಪಸ್ಸು.

ಒಂದು ಸಹಿಯಿಂದ ಅಂಜಿ ಮತ್ತೆ ರಸ್ತೆಯಲ್ಲಿ ಸತ್ತವನಾದ. ನಿಮ್ಮ ಮಾಸ್ಟರ್ ಮಾರಿಕೊಂಡುಬಿಟ್ಟರು. ಅವರಿಗಾಗಿ ನೀವು ಇಷ್ಟು ಸಂಕಟಪಟ್ಟಿರಿ, ನಾನು ಕೂಡ ಎಷ್ಟೋ ದಿನ ಊಟ ಬಿಟ್ಟೆ. ಅಷ್ಟಕ್ಕೂ ಅವರು ಅರ್ಹರಲ್ಲ ಎಂದು ಈಗ ತಿಳಿಯಿತಲ್ಲ. ಫೆಬ್ರವರಿ ಮೂರಕ್ಕೆ ಕೊನೆಯ ವಿಚಾರಣೆ ಇಟ್ಟಿದ್ದಾರೆ. ಹೇಳಲು ಯಾರ ಬಳಿಯೂ ಏನೂ ಉಳಿದಿಲ್ಲ.

ಓಬುಲೇಶ್


ರಾಯದುರ್ಗ
24 ಜನವರಿ 2025

ಓಬುಲೇಶ್ ಅವರಿಗೆ,

ನಿಮ್ಮ ಎರಡು ಕಾಗದವೂ ಬಂದಿದ್ದವು. ಚಿಕ್ಕಮ್ಮ ಹಳೆಯ ಬ್ಲೌಸ್ ಪೀಸುಗಳ ಕೆಳಗೆ ಇಟ್ಟಿದ್ದಳು, ನಾನೇ ಕೇಳಿರಲಿಲ್ಲ. ಮೊನ್ನೆ ಎರಡನ್ನೂ ಒಟ್ಟಿಗೆ ಓದಿದೆ. ಓದಿದ ಮೇಲೆ ನೇರವಾಗಿ ಜಯಣ್ಣನ ಮನೆಗೆ ಹೋದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ.

ಅವರು ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದರು. ಬಲಗೈ ಹೆಬ್ಬೆರಳು ಮಡಚುವುದಿಲ್ಲ, ಕತ್ತರಿ ಹಿಡಿಯಲು ಆಗುವುದಿಲ್ಲ. ಸುಂಕಮ್ಮ ನನಗೆ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದಳು. ಯಾಕ್ರಿ ಸಹಿ ಹಾಕಿದಿರಿ ಎಂದು ಕೇಳಿದೆ.

“ಪೇಪರ್ ನೋಡಿದ ಕೂಡ್ಲೆ ನನಗ ಗೊತ್ತಾತವ್ವ. ಮೂರು ಹೊಲಿಗಿ ಹಿಂದ ಹಾಕೋದು ನಿನಗೊಬ್ಬಾಕಿಗೆ ಕಲಿಸೀನಿ” ಎಂದರು. “ನಾ ಎಷ್ಟು ದಿನ ಆದ್ರೂ ಸುಮ್ಮನ ಇರ್ತಿದ್ದೆ. ಆದರ ಸಾಹುಕಾರ್ರು ಹನ್ನೊಂದು ಮಂದಿ ಹೆಸರು ಬರಕೊಂಡು ಬಂದಿದ್ರು. ನೀನಲ್ಲ ಅಂದ್ರ ಇವರೊಳಗ ಯಾರು, ಎಲ್ಲಾರ ಮ್ಯಾಲೂ ಕೇಸ್ ಹಾಕ್ತೀನಿ ಅಂದ್ರು. ಮೂರನೇ ಹೆಸರು ನಿಂದಿತ್ತು. ಕಳ್ಳ ಅಂತ ಹೆಂಗೂ ಆಗೀನಿ, ಸುಳ್ಳ ಅಂತನೂ ಅನ್ನಿಸಿಕೊಂಡ್ರ ಏನಾತು ಅಂತ ಹಾಕಿದೆ. ಅಂಜಿ ಹುಡುಗನ ಕೇಸು ಇದರಿಂದ ಹಾಳಾಗ್ತದ ಅಂತ ನನಗ ತಿಳೀಲಿಲ್ಲವ್ವ. ಅದೊಂದು ತಪ್ಪಾತು.”

ಅವರು ಮಾರಿಕೊಳ್ಳಲಿಲ್ಲ, ಓಬುಲೇಶ್ ಅವರೆ. ನೀವು ಪತ್ರಿಕೆಯಲ್ಲಿ ಹಾಗೇನಾದರೂ ಬರೆಯಬೇಕೆಂದಿದ್ದರೆ ಬರೆಯಬೇಡಿ.

ಈಗ ನಾನೇ ನಿಮ್ಮನ್ನು ಆಣೆಯಿಂದ ಬಿಡಿಸುತ್ತಿದ್ದೇನೆ. ನನ್ನ ಹೆಸರು ಹೇಳಿ. ಫೆಬ್ರವರಿ ಮೂರಕ್ಕೆ ನಾನೂ ಕೋರ್ಟಿಗೆ ಬರುತ್ತೇನೆ. ಅದು ನನ್ನ ಅಕ್ಷರ, ನನ್ನ ಹೊಲಿಗೆ, ಆಬ್ಸೆಂಟ್ ಹಾಕಿದ್ದೂ ನಾನೇ ಎಂದು ಹೇಳುತ್ತೇನೆ. ಸೌಜನ್ಯಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅತ್ತಳು, ಆಮೇಲೆ ಹೋಗಮ್ಮ ಎಂದಳು. ಕೈಬರಹ ಹೋಲಿಸಿ ನೋಡಲಿ, ಎರಡು ನಿಮಿಷದಲ್ಲಿ ತಿಳಿಯುತ್ತದೆ. ಕದರಮ್ಮನಿಗೆ ಹೇಳಿ, ಕಾಲು ಹಿಡಿಯಬೇಕಾಗಿಲ್ಲ.

ಬಹಳ ದಿನದ ಮೇಲೆ ನಿನ್ನೆ ನಿದ್ದೆ ಬಂತು.

ಪ್ರಸನ್ನಲಕ್ಷ್ಮಿ


ಮಡಕಶಿರಾ
30 ಜನವರಿ 2025

ಪ್ರಸನ್ನಲಕ್ಷ್ಮಿಯವರಿಗೆ,

ಬರಬೇಡಿ. ಈ ಕಾಗದ ಮೂರನೇ ತಾರೀಖಿನೊಳಗೆ ನಿಮ್ಮ ಕೈ ಸೇರಲಿ ಎಂದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ದಯವಿಟ್ಟು ಬರಬೇಡಿ.

ಸೆಪ್ಟೆಂಬರಿನಲ್ಲಿ ನೋಟಿಸು ಬಂದಾಗ ಪುಸ್ತಕಕ್ಕೆ ಮಾಡಬೇಕಾದ್ದನ್ನು ಮಾಡಿದ್ದೇನೆ ಎಂದು ಬರೆದಿದ್ದೆನಲ್ಲ. ಏನು ಮಾಡಿದೆನೆಂದು ಹೇಳಿರಲಿಲ್ಲ. ಪುಸ್ತಕ ಅವರ ಕೈಗೆ ಹೋದರೆ ಅಕ್ಷರ ಹೋಲಿಸಿ ನಿಮ್ಮನ್ನು ಹಿಡಿಯುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಪ್ರೆಸ್ಸಿನ ಕಪ್ಪು ಶಾಯಿ ತಂದು, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ, ನೀವು ಬರೆದ ಪ್ರತಿ ಅಕ್ಷರದ ಮೇಲೆ ಬಳಿದೆ. ಅಂಜಿಯ ಸಾಲಿನಲ್ಲೂ ಗಂಟೆಯ ಅಂಕಿಗಳನ್ನಷ್ಟೇ ಬಿಟ್ಟೆ. ಅವುಗಳ ಮೇಲೂ ನಾನೇ ತಿದ್ದಿ, ನಿಮ್ಮ ಕೈಯಂತೆ ಕಾಣದ ಹಾಗೆ ಮಾಡಿದೆ. ಫೋನಿನಲ್ಲಿದ್ದ ಫೋಟೋಗಳನ್ನು ಅಳಿಸಿದೆ. ನಿಮ್ಮ ಕಾಗದಗಳನ್ನು ಸೌಮ್ಯಳ ತವರಿನಲ್ಲಿ ಇಟ್ಟಿದ್ದೇನೆ. ಆದರೆ ಅವನ್ನು ಈಗ ತಂದುಕೊಟ್ಟರೆ ನಿನ್ನೆ ಕೂತು ಬರೆಸಿದ್ದು ಎನ್ನುತ್ತಾರೆ. ನಿನ್ನೆ ಸಿದ್ದಬಸಪ್ಪನವರಿಗೆ ಎಲ್ಲ ಹೇಳಿದೆ. ಸಾಕ್ಷಿ ಕೆಡಿಸಿದ್ದಕ್ಕೆ ನನ್ನ ಮೇಲೆ ಇನ್ನೊಂದು ಕೇಸು ಬರುತ್ತದೆ ಎಂದರು. ಅದು ಬರಲಿ.

ಆವತ್ತು ಅದನ್ನು ಮಾಡಿ ಮುಗಿಸಿದಾಗ, ನನ್ನ ಜೀವನದಲ್ಲಿ ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದುಕೊಂಡಿದ್ದೆ. ಕೈಯ ಶಾಯಿ ವಾರವಾದರೂ ಹೋಗಿರಲಿಲ್ಲ, ಅದನ್ನು ನೋಡಿ ಹೆಮ್ಮೆಪಟ್ಟಿದ್ದೆ. ನೀವೇ ಮುಂದೆ ಬಂದು ಇದು ನನ್ನದು ಎನ್ನುವ ದಿನ ಬರಬಹುದೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ನಿಮ್ಮನ್ನು ಅಷ್ಟು ಅಂಜುಬುರುಕಿ ಎಂದು ತಿಳಿದಿದ್ದೆ.

ಈಗ ನೀವು ಬಂದರೆ ತೋರಿಸಲು ಅದರಲ್ಲಿ ನಿಮ್ಮದು ಏನೂ ಇಲ್ಲ. ಕೆಲಸ ಹೋಗುತ್ತದೆ, ಯಾರಿಗೂ ಉಪಯೋಗವಿಲ್ಲ. ಮನೆಯಲ್ಲಿರಿ.

ಓಬುಲೇಶ್


ರಾಯದುರ್ಗ
12 ಫೆಬ್ರವರಿ 2025

ಓಬುಲೇಶ್ ಅವರಿಗೆ,

ನಿಮ್ಮ ಸ್ಪೀಡ್ ಪೋಸ್ಟ್ ನಾಲ್ಕನೇ ತಾರೀಖು ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ನೀವೇ ಅಲ್ಲಿದ್ದಿರಿ. ಅರ್ಧ ವರ್ಷ ಕಾಗದ ಬರೆದುಕೊಂಡ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ನೀವು ಇಷ್ಟು ಸಣ್ಣ ಆಳು ಎಂದುಕೊಂಡಿರಲಿಲ್ಲ. ಈಕೆಯೇ ಕೊಟ್ಟದ್ದು ಎಂದು ನೀವು ಎದ್ದು ಹೇಳಿದಾಗ ಮಾಲೀಕರ ವಕೀಲರು, ನಾಲ್ಕು ತಿಂಗಳು ಮುಚ್ಚಿಟ್ಟ ಹೆಸರು ಕೊನೆಯ ದಿನ ನೆನಪಾಯಿತೇ ಎಂದು ನಕ್ಕರಲ್ಲ, ಆಗ ನಿಮ್ಮ ಮುಖ ನೋಡಲಾಗಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ.

ಜಡ್ಜಮ್ಮ ಒಳ್ಳೆಯವರು. ಪುಸ್ತಕ ಬಿಚ್ಚಿ ನನ್ನ ಮುಂದೆ ಹಿಡಿಸಿ, ಇದರಲ್ಲಿ ನಿಮ್ಮದು ಯಾವುದು ತೋರಿಸಿ ಎಂದರು. ಹಾಳೆ ತಿರುವಿದೆ, ಎಲ್ಲ ಕಪ್ಪು. ಹೊಲಿಗೆ ತೋರಿಸಿದೆ. ಅದು ತನ್ನದೆಂದು ಜಯಣ್ಣ ಆಗಲೇ ಬರೆದುಕೊಟ್ಟಿದ್ದಾರೆ ಎಂದರು. ಮೇಷ್ಟ್ರನ್ನು ಬಿಡಿಸಲು ಶಿಷ್ಯೆ ಬಂದಿದ್ದಾಳೆ ಎಂದು ಯಾರೋ ಅಂದರು. ಅರ್ಜಿ ವಜಾ ಆಯಿತು.

ಹೊರಗೆ ಜಗಲಿಯಲ್ಲಿ ಕದರಮ್ಮ ನನ್ನ ಹತ್ತಿರ ಬಂದು ಕೂತಳು. ಅಷ್ಟು ಜನರಲ್ಲಿ ನನ್ನನ್ನು ನಂಬಿದವಳು ಆಕೆಯೊಬ್ಬಳೇ. “ಒಳೀಕೆ ಇಳಿಯುವಾಗ ಏನಾರ ಅಂದ್ನಾ ನನ್ ಮಗ?” ಎಂದು ಕೇಳಿದಳು. ಊಟದ ಬೆಲ್ಲಿನೊಳಗೆ ಮುಗಿಸ್ತೀನಿ ಅಕ್ಕ ಎಂದಿದ್ದ, ಅದನ್ನೇ ಹೇಳಿದೆ. ಆಕೆ ಅದನ್ನು ಎರಡು ಸಲ ತನ್ನೊಳಗೇ ಹೇಳಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಡಕಶಿರಾ ಕಡೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದಳು.

ಮಾರನೆಯ ದಿನ ನಾನು ಯೂನಿಟ್ಟಿಗೆ ಹೋದೆ. ಗೇಟಿನಲ್ಲೇ ತಡೆಯುತ್ತಾರೆ, ನನ್ನ ಟಿಫಿನ್ ಬಾಕ್ಸು, ಕುರ್ಚಿಯ ದಿಂಬು ತೆಗೆದುಕೊಂಡು ಬರೋಣ ಎಂದು ಹೋದದ್ದು. ತಡೆಯಲಿಲ್ಲ. ಮಾಲೀಕರು ಒಳಗೆ ಕರೆದು ಕೂರಿಸಿದರು, ಟೀ ತರಿಸಿದರು.

“ನೀ ಹೇಳಿದ್ದು ಖರೇ ಅಂತ ನನಗ ಗೊತ್ತೈತಮ್ಮ” ಎಂದರು. “ಆದರ ನಿನ್ನ ಕೆಲಸದಿಂದ ತಗದ್ರ ಆ ಪುಸ್ತಕ ಖರೇ ಅಂತ ನಾನ ಒಪ್ಪಿದಂಗ ಆಗ್ತದ. ಅದಕ್ಕ ನೀ ಇಲ್ಲೇ ಇರು. ನೀ ಇಲ್ಲಿರೋತನ ಆ ಹುಡುಗ ರಸ್ತಿಯೊಳಗ ಸತ್ತಾನ. ನಿನ್ನ ಯಾರೂ ಒಂದು ಮಾತು ಅನ್ನಂಗಿಲ್ಲ, ನಿನ್ನ ಮಗಳಿಗೂ ಯಾರೂ ಏನೂ ಅನ್ನಂಗಿಲ್ಲ. ಅದು ನನ್ನ ಜವಾಬ್ದಾರಿ.” ಆಮೇಲೆ, ಕಟಿಂಗ್ ಟೇಬಲ್ ನಾಲ್ಕು ತಿಂಗಳಿನಿಂದ ಸರಿಯಾದ ಆಳಿಲ್ಲದೆ ನಿಂತಿದೆ, ಜಯಣ್ಣನ ಕೈಕೆಳಗೆ ಕಲಿತವಳು ನೀನೇ, ಸೋಮವಾರದಿಂದ ಅಲ್ಲಿ ನಿಲ್ಲು ಎಂದರು.

ಬೇರೆ ಯೂನಿಟ್ಟುಗಳಲ್ಲಿ ಕೇಳಿ ಬಂದೆ. ನನ್ನ ಹೆಸರು ಕೇಳಿದ ಕೂಡಲೇ ಬೇಡ ಎಂದರು. ಸೌಜನ್ಯಳ ಪರೀಕ್ಷೆ ಮಾರ್ಚಿನಲ್ಲಿ. ಜಯಣ್ಣನಿಗೆ ಹೇಳಲು ಹೋಗಿದ್ದೆ, ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಸೋಮವಾರ ಹೋದೆ. ಇವತ್ತಿಗೆ ಮೂರು ದಿನ, ಅವರ ಟೇಬಲ್ಲಿನಲ್ಲಿ ನಿಂತು ಅವರ ಕತ್ತರಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೇನೆ.

ಮೊದಲ ಕಾಗದದಲ್ಲಿ ನಿಮ್ಮನ್ನು ನಾನು ಕೇಳಿದ್ದು ಒಂದೇ, ನನಗೆ ತೊಂದರೆಯಾಗಬಾರದು ಎಂದು. ಕಾನೂನು ಆ ರಕ್ಷಣೆ ಕೊಡಲಿಲ್ಲ, ನಿಮ್ಮಿಂದಲೂ ಆಗಲಿಲ್ಲ. ಮಾಲೀಕರು ಕೊಟ್ಟಿದ್ದಾರೆ. ಇನ್ನು ನನ್ನ ಹೆಸರನ್ನು ನೀವು ಯಾರಿಗೆ ಬೇಕಾದರೂ ಹೇಳಬಹುದು. ಅದು ಯಾರಿಗೂ ಬೇಕಾಗಿಲ್ಲ.

ಪ್ರಸನ್ನಲಕ್ಷ್ಮಿ